ಹತ್ತನೆಯ ರಿಸಲ್ಟ್ ನೋಡಿ ಒಂದನೆಯ ತರಗತಿಗೆ ಸೇರಿಸುವುದೇ?

ಮೇ ತಿಂಗಳು ಬಂತೆಂದರೆ ಸರ್ಕಾರಿ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ ವರ್ಗಾವಣೆಯದೇ ಮಾತು. ಆದೇಶ ಕೈಗೆ ಬಂದವರಿಗೆ ಹೊಸ ಊರಿನಲ್ಲಿ ಹಾಜರಾಗಲು ಇರುವುದು ಕೆಲವೇ ದಿನ. ಅಷ್ಟರೊಳಗೆ ಬಾಡಿಗೆ ಮನೆ ಹುಡುಕಬೇಕು, ಸಾಮಾನು ಸಾಗಿಸಬೇಕು, ಗ್ಯಾಸ್ ಸಂಪರ್ಕ ಬದಲಿಸಬೇಕು, ಮಕ್ಕಳನ್ನು ಶಾಲೆಗೆ ಸೇರಿಸಬೇಕು. ಮಂಡ್ಯದಿಂದ ವಿಜಯಪುರಕ್ಕೋ ಕಾರವಾರದಿಂದ ತುಮಕೂರಿಗೋ ಹೊರಟ ಕುಟುಂಬಕ್ಕೆ ಅಲ್ಲಿನ ಬಡಾವಣೆಗಳ ಹೆಸರೇ ಸರಿಯಾಗಿ ಗೊತ್ತಿರುವುದಿಲ್ಲ; ಶಾಲೆಗಳ ಒಳಗುಟ್ಟು ಎಲ್ಲಿಂದ ತಿಳಿಯಬೇಕು? ಹಾಗಾಗಿ ನಾಲ್ಕು ಕಡೆ ಸುತ್ತಿ, ನೀರು ಬರುತ್ತದೆಯೇ, ಗಾಳಿ ಬೆಳಕಿದೆಯೇ ಎಂದು ವಿಚಾರಿಸಿ ಮನೆ ಹಿಡಿಯುವವರೇ ಶಾಲೆಯನ್ನು ಮಾತ್ರ ಫೋನಿನಲ್ಲಿ ನಿಶ್ಚಯಿಸಿಬಿಡುತ್ತಾರೆ. ‘ಅಲ್ಲಿ ಒಳ್ಳೆ ಸ್ಕೂಲು ಯಾವುದು’ ಎಂದು ಮುಂದಿನ ಸಹೋದ್ಯೋಗಿಯನ್ನು ಕೇಳುವುದು, ಅವರು ಹೇಳಿದ ಎರಡು ಮೂರು ಹೆಸರುಗಳ ಪೈಕಿ ಸೀಟು ಸಿಕ್ಕಲ್ಲಿ ಹಣ ಕಟ್ಟುವುದು. ಅವಸರದಲ್ಲಿ ಹೀಗಾಗುವುದು ಸಹಜ. ಆದರೆ ಹೀಗೆ ಸಿಗುವ ಮಾಹಿತಿ ಹೈಸ್ಕೂಲಿಗೆ ಸಂಬಂಧಿಸಿದ್ದು. ಸೇರಬೇಕಾಗಿರುವುದು ಆರು ವರ್ಷದ ಮಗು. ಊರಿಗೆ ಹೊಸಬರಾದವರು ಹೆಸರುಗಳ ಪಟ್ಟಿಯನ್ನು ಬದಿಗಿಟ್ಟು, ಮಗು ನಡೆದು ಹೋಗಬಹುದಾದ ದೂರದಲ್ಲಿರುವ ಶಾಲೆಗಳನ್ನು ಮೊದಲು ನೋಡಬೇಕು, ನೋಡುವಾಗ ಒಂದರಿಂದ ಮೂರನೆಯ ತರಗತಿಯವರೆಗಿನ ಕೋಣೆಗಳನ್ನಷ್ಟೇ ನೋಡಬೇಕು ಎಂಬುದು ನನ್ನ ವಾದ.

ಒಂದು ಊರಿನಲ್ಲಿ ಶಾಲೆಗೆ ಹೆಸರು ಬರುವುದು ಹೇಗೆ ಎಂದು ಗಮನಿಸಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ. ಆರುನೂರರ ಮೇಲೆ ಅಂಕ ಪಡೆದವರ ಫೋಟೊಗಳು ಸಾಲಾಗಿ ಬರುತ್ತವೆ. ಆ ಫೋಟೊದ ಮಕ್ಕಳಲ್ಲಿ ಎಷ್ಟು ಮಂದಿ ಅದೇ ಶಾಲೆಯಲ್ಲಿ ಅಕ್ಷರ ಕಲಿತರು, ಎಷ್ಟು ಮಂದಿ ಎಂಟನೆಯ ತರಗತಿಗೆ ಹೊರಗಿನಿಂದ ಬಂದರು, ಎಷ್ಟು ಮಂದಿ ಸಂಜೆ ಟ್ಯೂಷನ್ನಿನಲ್ಲಿ ಕಲಿತರು ಎಂಬುದನ್ನು ಫ್ಲೆಕ್ಸ್ ಹೇಳುವುದಿಲ್ಲ. ಎಂಟು ಒಂಬತ್ತರಲ್ಲಿ ಹಿಂದೆ ಬಿದ್ದವರ ಕೈಗೆ ಮೆಲ್ಲಗೆ ಟಿಸಿ ಕೊಟ್ಟು ಕಳಿಸಿ ಫಲಿತಾಂಶದ ಶೇಕಡಾವಾರು ಕಾಪಾಡಿಕೊಳ್ಳುವ ಜಾಣತನ ಯಾವ ಊರಿಗೂ ಹೊಸದಲ್ಲ. ಇನ್ನೊಂದು ಸಂಗತಿಯೂ ಇದೆ. ನಮ್ಮ ಬಹುಪಾಲು ಖಾಸಗಿ ಸಂಸ್ಥೆಗಳಲ್ಲಿ ಅನುಭವಿ ಶಿಕ್ಷಕರನ್ನು ಹತ್ತನೆಯ ತರಗತಿಗೆ ಇರಿಸಿಕೊಂಡು, ಈಗಷ್ಟೇ ಕೆಲಸಕ್ಕೆ ಸೇರಿದ, ಕಡಿಮೆ ಸಂಬಳದ ಶಿಕ್ಷಕಿಯರನ್ನು ಚಿಕ್ಕ ತರಗತಿಗಳಿಗೆ ಹಾಕುವುದು ರೂಢಿ. ಅಂದಮೇಲೆ ಸಂಸ್ಥೆಯ ಕೀರ್ತಿಗೆ ಕಾರಣರಾದವರ ಮುಖವನ್ನು ನಿಮ್ಮ ಮಗು ಇನ್ನೂ ಏಳೆಂಟು ವರ್ಷ ನೋಡುವುದೇ ಇಲ್ಲ.

ಬೋರ್ಡಿನ ಮಾತೂ ಹೀಗೆಯೇ. ‘ಸಿಬಿಎಸ್‌ಇ ಇದೆಯಾ?’ ಎಂಬುದು ಹೊಸ ಊರಿಗೆ ಹೋಗುವವರ ಮೊದಲ ಪ್ರಶ್ನೆ. ಆ ಮಂಡಳಿ ನಡೆಸುವ ಮೊದಲ ಸಾರ್ವಜನಿಕ ಪರೀಕ್ಷೆ ಬರುವುದು ಹತ್ತನೆಯ ತರಗತಿಯಲ್ಲಿ. ಎರಡನೆಯ ತರಗತಿಯ ಮಗು ಕೂಡುವ, ಕಳೆಯುವ, ಓದುವ ಕೆಲಸಕ್ಕೆ ಯಾವ ಮಂಡಳಿಯಾದರೂ ಬೇರೆ ಬುದ್ಧಿ ಕೊಡುವುದಿಲ್ಲ. ಪಠ್ಯಪುಸ್ತಕದ ಬಣ್ಣ ಬೇರೆಯಿರಬಹುದು. ಬೋರ್ಡಿನ ಹೆಸರು ಮಾರುಕಟ್ಟೆಯಲ್ಲಿ ಎಷ್ಟು ಬಾಳುತ್ತದೆ ಎನ್ನುವುದಕ್ಕೆ, ರಾಜ್ಯ ಪಠ್ಯಕ್ರಮಕ್ಕೆ ಮಾನ್ಯತೆ ಪಡೆದು ಪೋಷಕರಿಗೆ ಸಿಬಿಎಸ್‌ಇ ಎಂದು ಹೇಳಿಕೊಂಡ ಶಾಲೆಗಳ ಮೇಲೆ 2023ರಲ್ಲಿ ಶಿಕ್ಷಣ ಇಲಾಖೆ ಕಣ್ಣಿಡಬೇಕಾಗಿ ಬಂದದ್ದೇ ಸಾಕ್ಷಿ. ಮಂಡಳಿಯ ಜಾಲತಾಣದಲ್ಲಿ ಮಾನ್ಯತೆ ಪಡೆದ ಶಾಲೆಗಳ ಪಟ್ಟಿ ಬಹಿರಂಗವಾಗಿಯೇ ಇದೆ. ಬೋರ್ಡು ಬೇಕೇ ಬೇಕು ಎನ್ನುವವರು ಹಣ ಕಟ್ಟುವ ಮೊದಲು ಅದನ್ನಾದರೂ ನೋಡಿಕೊಳ್ಳಲಿ.

ಹಾಗಾದರೆ ಪ್ರಾಥಮಿಕ ಶಾಲೆಯಲ್ಲಿ ನಿಜಕ್ಕೂ ಪಣಕ್ಕಿರುವುದು ಏನು? ಮೂರನೆಯ ತರಗತಿ ಮುಗಿಯುವುದರೊಳಗೆ ಮಗು ಒಂದು ಪುಟ್ಟ ಕಥೆಯನ್ನು ತಡವರಿಸದೆ ಓದಿ ಅರ್ಥ ಮಾಡಿಕೊಳ್ಳಬೇಕು, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮಾಡಬೇಕು. ಇದು ಆಗದಿದ್ದರೆ ನಾಲ್ಕನೆಯ ತರಗತಿಯಿಂದಾಚೆಗೆ ಪರಿಸರ ಅಧ್ಯಯನವಾಗಲಿ ಗಣಿತವಾಗಲಿ ಮಗುವಿನ ತಲೆಯ ಮೇಲೆ ಹಾದುಹೋಗುತ್ತವೆ, ಏಕೆಂದರೆ ಅಲ್ಲಿಂದ ಮುಂದಿನ ಪುಸ್ತಕಗಳು ಮಗುವಿಗೆ ಓದು ಬರುತ್ತದೆ ಎಂದು ನಂಬಿಕೊಂಡೇ ಬರೆದವು. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ 2005ರಿಂದ ಗ್ರಾಮೀಣ ಭಾರತದ ಮನೆ ಮನೆಗೆ ಹೋಗಿ ಇದನ್ನೇ ಅಳೆಯುತ್ತಿದೆ. 2022ರಲ್ಲಿ ದೇಶದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿ ಮಟ್ಟದ ಪಠ್ಯ ಓದಬಲ್ಲವರು ಶೇ 20.5. 2024ರಲ್ಲಿ ಅದು ಶೇ 27.1ಕ್ಕೆ ಏರಿತು. ಸರ್ಕಾರಿ ಶಾಲೆಯ ಮಕ್ಕಳದ್ದು ಶೇ 23.4, ಖಾಸಗಿಯವರದ್ದು ಶೇ 35.5. ಈ ಅಂಕಿಯನ್ನು ಸರ್ಕಾರಿ ಶಾಲೆಯನ್ನು ಹಳಿಯುವುದಕ್ಕೆ ಬಳಸುವವರೇ ಹೆಚ್ಚು. ಆದರೆ ಅದರ ಇನ್ನೊಂದು ಬದಿಯನ್ನೂ ಓದಬೇಕಲ್ಲ: ಶುಲ್ಕ ಕಟ್ಟಿ ಕಳಿಸಿದ ಮಕ್ಕಳಲ್ಲೂ ಮೂವರಲ್ಲಿ ಇಬ್ಬರಿಗೆ ಹಿಂದಿನ ತರಗತಿಯ ಪಾಠ ಓದಲು ಬರುತ್ತಿಲ್ಲ. ಖಾಸಗಿ ಎಂಬ ಹಣೆಪಟ್ಟಿ ನಿಮ್ಮ ಮಗು ಓದು ಕಲಿಯುತ್ತದೆ ಎಂಬುದಕ್ಕೆ ಖಾತ್ರಿಯಲ್ಲ.

ಉಳಿದ ಆ ಹನ್ನೆರಡು ಅಂಶದ ಅಂತರವೂ ಶಾಲೆಯದ್ದೋ ಮನೆಯದ್ದೋ ಎಂಬ ಪ್ರಶ್ನೆ ಇದೆ. ಖಾಸಗಿ ಶಾಲೆಗೆ ಕಳಿಸುವ ಮನೆಗಳಲ್ಲಿ ಸಾಮಾನ್ಯವಾಗಿ ಓದಿದ ತಾಯಿ, ಒಂದಿಷ್ಟು ಆದಾಯ, ಟ್ಯೂಷನ್ನು ಇರುತ್ತವೆ. ಶಾಲೆಯ ಪಾಲು, ಮನೆಯ ಪಾಲು ಇವೆರಡನ್ನೂ ಬೇರ್ಪಡಿಸಿ ನೋಡಿದ ದೊಡ್ಡ ಪ್ರಯೋಗ ನಡೆದದ್ದು ನಮ್ಮ ನೆರೆಯ ಅವಿಭಜಿತ ಆಂಧ್ರ ಪ್ರದೇಶದಲ್ಲಿ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2008ರಲ್ಲಿ ಆರಂಭವಾದ ಈ ಪ್ರಯೋಗದಲ್ಲಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಲಾಟರಿ ಎತ್ತಿ ಖಾಸಗಿ ಶಾಲೆಯ ಶುಲ್ಕ ತುಂಬುವ ವೋಚರ್ ಕೊಡಿಸಿದರು. 180 ಹಳ್ಳಿಗಳು, ನಾಲ್ಕು ವರ್ಷ. ಲಾಟರಿ ಗೆದ್ದು ಖಾಸಗಿಗೆ ಹೋದವರಿಗೂ ಸೋತು ಉಳಿದವರಿಗೂ ತೆಲುಗು ಮತ್ತು ಗಣಿತದಲ್ಲಿ ಗಮನಾರ್ಹ ಅಂತರವೇ ಕಾಣಲಿಲ್ಲ. ಖಾಸಗಿಯಲ್ಲಿ ಹೆಚ್ಚುವರಿಯಾಗಿ ಕಲಿಸುತ್ತಿದ್ದ ಹಿಂದಿಯಲ್ಲಿ ಮಾತ್ರ ಗೆದ್ದವರು ಸ್ಪಷ್ಟವಾಗಿ ಮುಂದಿದ್ದರು. ನ್ಯಾಯವಾಗಿ ಹೇಳಬೇಕೆಂದರೆ, ಆ ಖಾಸಗಿ ಶಾಲೆಗಳು ಸರ್ಕಾರದ ಖರ್ಚಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಲ್ಲಿ, ಭಾಷೆ ಗಣಿತಕ್ಕೆ ಕಡಿಮೆ ಸಮಯ ಕೊಟ್ಟು ಇಷ್ಟನ್ನು ಸಾಧಿಸಿದ್ದವು. ನೀತಿ ರೂಪಿಸುವವರಿಗೆ ಅದು ಮುಖ್ಯ. ಆದರೆ ಒಂದು ಮಗುವಿನ ಕೈ ಹಿಡಿದು ನಿಂತ ಪೋಷಕರಿಗೆ ಅದರಿಂದ ತಿಳಿಯಬೇಕಾದದ್ದು ಬೇರೆ: ಶಾಲೆ ಯಾರ ಆಡಳಿತದ್ದು ಎಂಬುದರಿಂದ ಕಲಿಕೆಯನ್ನು ಊಹಿಸಲಾಗದು. ಆ ಊರಿನ, ಆ ಶಾಲೆಯ, ಆ ಕೋಣೆಯೊಳಗೆ ಇಣುಕಿಯೇ ತಿಳಿಯಬೇಕು.

ಇಣುಕಲು ಸಾಧ್ಯವಾಗುವುದು ಹತ್ತಿರದ ಶಾಲೆಗಳಲ್ಲಿ, ದೂರದ್ದರಲ್ಲಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮ ಐದನೆಯ ತರಗತಿವರೆಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎನ್ನುತ್ತದೆ. ಅದು ಬರೀ ಕಾಲ್ನಡಿಗೆಯ ಲೆಕ್ಕವಲ್ಲ. ಹೊಸ ಊರಿಗೆ ಬಂದ ಮಗು ಹಳೆಯ ಗೆಳೆಯರನ್ನು, ಅಜ್ಜಿ ಮನೆಯನ್ನು, ಕೆಲವು ಸಲ ಕೇಳಿ ಬೆಳೆದ ಮಾತಿನ ಧಾಟಿಯನ್ನೇ ಬಿಟ್ಟು ಬಂದಿರುತ್ತದೆ. ಮೈಸೂರು ಕಡೆಯ ಮಗುವಿಗೆ ಕಲಬುರಗಿಯ ಕನ್ನಡ ಕಿವಿಗೆ ಒಗ್ಗುವುದಕ್ಕೆ ಓಣಿಯ ಆಟ ಬೇಕು. ಬೆಳಿಗ್ಗೆ ಜೊತೆಗೆ ಶಾಲೆಗೆ ಹೋದವರೇ ಸಂಜೆ ಮನೆಯ ಮುಂದೆ ಆಡಲು ಸಿಕ್ಕರೆ ಒಂದು ತಿಂಗಳಿನಲ್ಲಿ ಊರು ತನ್ನದಾಗುತ್ತದೆ. ಹದಿನೈದು ಕಿಲೋಮೀಟರ್ ಆಚೆಯ ಕ್ಯಾಂಪಸ್ಸಿಗೆ ಏಳೂವರೆಗೆ ವ್ಯಾನ್ ಹತ್ತಿ ಸಂಜೆ ಐದಕ್ಕೆ ಇಳಿಯುವ ಮಗುವಿಗೆ ಸಹಪಾಠಿಗಳು ಊರಿನ ನಾಲ್ಕು ದಿಕ್ಕಿಗೆ ಚದುರಿರುತ್ತಾರೆ, ಬೀದಿಯ ಮಕ್ಕಳು ಅಪರಿಚಿತರಾಗಿಯೇ ಉಳಿಯುತ್ತಾರೆ. ಪೋಷಕರಿಗೂ ಲಾಭ ಕಡಿಮೆಯಲ್ಲ: ತರಕಾರಿ ತರಲು ಹೋದಾಗ ಶಿಕ್ಷಕಿ ಎದುರಾಗುತ್ತಾರೆ, ಬೇರೆ ತಾಯಂದಿರ ಮಾತು ಕಿವಿಗೆ ಬೀಳುತ್ತದೆ. ಹೊಸಬರಿಗೆ ಮೊದಲು ಸಿಗದಿದ್ದ ಒಳಗಿನ ಮಾಹಿತಿ ಹೀಗೆ ತಾನಾಗಿ ಕೂಡುತ್ತದೆ.

ನೋಡುವುದು ಹೇಗೆ ಎಂಬ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಶಾಲೆಗಳ ಸರ್ಕಾರಿ ಮಾಹಿತಿ ಕೋಶವಾದ ಯುಡೈಸ್‌ನಲ್ಲಿ ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಸಂಖ್ಯೆ ಇದೆ. ಕರ್ನಾಟಕದ್ದು 29ರಿಂದ ಶುರು. ಅದನ್ನು ಜಾಲತಾಣದಲ್ಲಿ ಹಾಕಿ ನೋಡಿದರೆ ಶಿಕ್ಷಕರೆಷ್ಟು, ಮಕ್ಕಳೆಷ್ಟು, ಮಾಧ್ಯಮ ಯಾವುದು, ಶೌಚಾಲಯ, ಗ್ರಂಥಾಲಯ ಇವೆಯೇ ಎಂಬುದು ಮನೆಯಲ್ಲೇ ಕುಳಿತು ತಿಳಿಯುತ್ತದೆ. ಆದರೆ ಅದು ಹಿಂದಿನ ವರ್ಷದ ಚಿತ್ರ, ಮತ್ತು ಕೋಣೆಗಳನ್ನು ಎಣಿಸುತ್ತದೆಯೇ ಹೊರತು ಒಳಗೆ ಯಾರು ಓದಬಲ್ಲರು ಎಂಬುದನ್ನಲ್ಲ. ಅದಕ್ಕೆ ಖುದ್ದಾಗಿ ಹೋಗಬೇಕು, ಸಾಧ್ಯವಾದರೆ ಶಾಲೆ ನಡೆಯುವ ದಿನವೇ. ಕಚೇರಿಯಲ್ಲಿ ಕೂರಿಸಿ ಬ್ರೋಷರ್ ಕೊಟ್ಟರೆ ತೆಗೆದುಕೊಳ್ಳಿ, ಆಮೇಲೆ ಒಂದನೆಯ ತರಗತಿಗೆ ಪಾಠ ಮಾಡುವವರು ಯಾರು, ಅವರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ಹಿಂದಿನ ವರ್ಷದ ಎರಡನೆಯ ತರಗತಿಯ ನಾಲ್ಕಾರು ನೋಟ್‌ಬುಕ್ ತೋರಿಸಲು ಕೇಳಿ. ಎಲ್ಲದರಲ್ಲೂ ಒಂದೇ ವಾಕ್ಯ, ಒಂದೇ ಉತ್ತರ ಇದ್ದರೆ ಅಲ್ಲಿ ಮಕ್ಕಳು ಹಲಗೆಯಿಂದ ನಕಲು ಮಾಡುತ್ತಾರೆ, ಬರೆಯುವುದಿಲ್ಲ. ಗ್ರಂಥಾಲಯ ಇದ್ದರೆ ಪುಸ್ತಕಗಳ ಮೂಲೆ ಸವೆದಿದೆಯೇ ನೋಡಿ. ಶಾಲೆಯಿಂದ ಹೊರಬರುವ ಮೂರನೆಯ ತರಗತಿಯ ಮಗುವಿನ ಜೊತೆ ಪೋಷಕರ ಎದುರಿನಲ್ಲೇ ಎರಡು ಮಾತಾಡಿದರೆ, ಇಡೀ ಬ್ರೋಷರಿಗಿಂತ ಹೆಚ್ಚು ತಿಳಿಯುತ್ತದೆ.

ಸರ್ಕಾರಿ ಕನ್ನಡ ಶಾಲೆಗೆ ಹೋದ ಹೊಸಬರು ಅನೇಕ ಸಲ ಕಂಡದ್ದನ್ನು ತಪ್ಪಾಗಿ ಓದುತ್ತಾರೆ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕುಳಿತು ಕಾರ್ಡು ಹರಡಿಕೊಂಡಿರುವುದನ್ನು ನೋಡಿ, ಮೇಷ್ಟ್ರ ಕೊರತೆಯಿಂದ ಎಲ್ಲರನ್ನೂ ಒಟ್ಟಿಗೆ ಕೂಡಿಹಾಕಿದ್ದಾರೆ ಎಂದುಕೊಂಡು ಹಿಂತಿರುಗುತ್ತಾರೆ. ಅದು ನಲಿ-ಕಲಿ. ಆಂಧ್ರದ ರಿಷಿವ್ಯಾಲಿಯ ಪದ್ಧತಿ ಕಂಡು ಬಂದ ಶಿಕ್ಷಕರು 1990ರ ದಶಕದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಟ್ಟಿ ಬೆಳೆಸಿ, ಆಮೇಲೆ ರಾಜ್ಯಕ್ಕೆಲ್ಲ ಹರಡಿದ್ದು. ಪ್ರತಿ ಮಗುವೂ ಕಲಿಕಾ ಏಣಿಯ ಮೇಲೆ ತನ್ನ ವೇಗದಲ್ಲಿ ಏರುತ್ತದೆ, ಎಲ್ಲಿದೆ ಎಂಬುದು ಗೋಡೆಯ ‘ಪ್ರಗತಿ ನೋಟ’ದಲ್ಲಿ ಇರುತ್ತದೆ. ವರ್ಷದ ನಡುವೆ ಬಂದು ಸೇರುವ ಮಗುವಿಗೆ ಇಷ್ಟು ಹೊಂದುವ ಪದ್ಧತಿ ಇನ್ನೊಂದಿಲ್ಲ: ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಹಾಗೆಂದು ಎಲ್ಲೆಡೆ ಅದು ಉಸಿರಾಡುತ್ತಿದೆ ಎಂದಲ್ಲ. ಪ್ರಗತಿ ನೋಟ ತಿಂಗಳುಗಳಿಂದ ತುಂಬದೆ ಬಿದ್ದಿದ್ದರೆ, ಮೇಲೆ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಮಾಡಿದ್ದು ಏನೂ ತೂಗಾಡದಿದ್ದರೆ, ಹೆಸರಷ್ಟೇ ಉಳಿದಿದೆ ಎಂದು ತಿಳಿಯಿರಿ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಹತ್ತಿರದ ಶಾಲೆ ಎನ್ನುವುದು ಕೇಳಲು ಚೆಂದ; ಅಲ್ಲಿ ಒಬ್ಬರೇ ಶಿಕ್ಷಕರಿದ್ದರೆ? ಈ ಆತಂಕ ಸುಳ್ಳಲ್ಲ. 2024–25ರ ಯುಡೈಸ್ ಲೆಕ್ಕದಲ್ಲಿ ಕರ್ನಾಟಕದ ಏಕೋಪಾಧ್ಯಾಯ ಶಾಲೆಗಳು ಏಳು ಸಾವಿರದ ಮೇಲಿವೆ. ಆ ಒಬ್ಬರು ಸಭೆಗೆ ಹೋದರೆ, ಗಣತಿ ಕೆಲಸಕ್ಕೆ ಹೋದರೆ ಶಾಲೆಯೇ ನಿಂತಂತೆ. ಅಂಥ ಶಾಲೆಗೆ ಆದರ್ಶಕ್ಕಾಗಿ ಮಗುವನ್ನು ಕಳಿಸಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಹತ್ತಿರದ್ದನ್ನು ಮೊದಲು ನೋಡಿ ಎಂದರೆ ಹತ್ತಿರದ್ದನ್ನೇ ಸೇರಿ ಎಂದರ್ಥವಲ್ಲ. ಜಿಲ್ಲಾ ತಾಲ್ಲೂಕು ಕೇಂದ್ರಗಳಲ್ಲಿ ಒಂದೆರಡು ಕಿಲೋಮೀಟರಿನೊಳಗೆ ಸಾಮಾನ್ಯವಾಗಿ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ, ಒಂದು ಹಳೆಯ ಅನುದಾನಿತ, ಎರಡು ಮೂರು ಸಣ್ಣ ಖಾಸಗಿ ಶಾಲೆಗಳು ಇರುತ್ತವೆ. ಎಲ್ಲರೂ ಹೆಸರಿಸುವ ದೂರದ ಶಾಲೆಯನ್ನು ಇವುಗಳ ಜೊತೆ ಅದೇ ಅಳತೆಯಲ್ಲಿ ಅಳೆದು, ಅದು ನಿಜಕ್ಕೂ ಮೇಲಿದ್ದರೆ ಮಾತ್ರ ವ್ಯಾನ್ ಹತ್ತಿಸಬಹುದು. ಬಹಳ ಮಂದಿ ಈ ಹೋಲಿಕೆಯನ್ನೇ ಮಾಡುವುದಿಲ್ಲ ಎಂಬುದು ನನ್ನ ತಕರಾರು.

ಎರಡನೆಯದು ಇಂಗ್ಲಿಷ್. ಕಲಿಕಾ ಮಾಧ್ಯಮ ಕುರಿತ ರಾಜ್ಯದ 1994ರ ಭಾಷಾ ನೀತಿಯನ್ನು ಸುಪ್ರೀಂ ಕೋರ್ಟ್ 2014ರಲ್ಲಿ ತಳ್ಳಿಹಾಕಿದ ಮೇಲೆ ಮಾಧ್ಯಮದ ಆಯ್ಕೆ ಪೋಷಕರದ್ದೇ; ಅದನ್ನು ಇಲ್ಲಿ ಮತ್ತೆ ಕೆದಕುವುದು ಬೇಡ. 2019–20ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದಿವೆ, ಆದ್ದರಿಂದ ಇಂಗ್ಲಿಷಿಗಾಗಿ ದೂರ ಹೋಗಲೇಬೇಕು ಎಂಬ ಮಾತಿಗೆ ಮೊದಲಿನ ಬಲವಿಲ್ಲ. ಮಾಧ್ಯಮ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಮಗುವಿಗೆ ಅರ್ಥವಾಗದಿದ್ದಾಗ ಅದು ಶಿಕ್ಷಕಿಯನ್ನು ಯಾವ ಭಾಷೆಯಲ್ಲಿ ಕೇಳಬಹುದು? ಮನೆಮಾತಿನಲ್ಲಿ ಬಾಯಿಬಿಟ್ಟರೆ ದಂಡ ಹಾಕುವ ಶಾಲೆಯಲ್ಲಿ, ಈಗಾಗಲೇ ಊರು ಬಿಟ್ಟು ಬಂದು ಕಂಗಾಲಾದ ಮಗು ಕೇಳುವುದನ್ನೇ ನಿಲ್ಲಿಸುತ್ತದೆ. ಹೊರರಾಜ್ಯದಿಂದ ಬರುವವರು ಇನ್ನೊಂದನ್ನು ನೆನಪಿಡಬೇಕು: 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಯಾವ ಮಂಡಳಿಯ ಶಾಲೆಯಾದರೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು. ಚೆನ್ನೈಯಲ್ಲೋ ಪುಣೆಯಲ್ಲೋ ಬೆಳೆದು ಮಾತು ಬಂದರೂ ಅಕ್ಷರ ಬಾರದ ಕನ್ನಡದ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಅಂಥವರಿಗೆ ಕನ್ನಡವನ್ನು ಅಆಇಈಯಿಂದ ಹೇಳಿಕೊಡುವ ವ್ಯವಧಾನ ಇರುವ ಶಾಲೆ ಯಾವುದು ಎಂಬುದು ಬೋರ್ಡಿನ ಹೆಸರಿಗಿಂತ ದೊಡ್ಡ ಪ್ರಶ್ನೆ.

‘ಈಗ ಸೀಟು ಹಿಡಿಯದಿದ್ದರೆ ಹತ್ತರವರೆಗೂ ಸಿಗುವುದಿಲ್ಲ’ ಎಂಬ ಭಯ ಮೂರನೆಯದು. ಹೆಸರುವಾಸಿ ಶಾಲೆಗಳು ಎಲ್‌ಕೆಜಿಯಲ್ಲೇ ಭರ್ತಿಯಾಗುತ್ತವೆ, ನಿಜ. ಆದರೆ ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಎಂಟನೆಯ ತರಗತಿಯಿಂದ ಪ್ರತ್ಯೇಕವಾಗಿ ನಡೆಯುವುದೇ ಹಳೆಯ ಏರ್ಪಾಡು; ಸರ್ಕಾರಿ, ಅನುದಾನಿತ ಹೈಸ್ಕೂಲುಗಳು ಅಲ್ಲಿಂದಲೇ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ವರ್ಗಾವಣೆಯ ನೌಕರಿಯವರಿಗಂತೂ ಈ ಭಯಕ್ಕೆ ಅರ್ಥವೇ ಇಲ್ಲ. ಮೂರು ನಾಲ್ಕು ವರ್ಷಕ್ಕೆ ಊರು ಬಿಡುವವರು ಹತ್ತು ವರ್ಷದ ಸೀಟಿಗೆ ಡೊನೇಷನ್ ಕೊಡುವುದು ಯಾವ ಲೆಕ್ಕ? ಆ ಡೊನೇಷನ್ನೂ ಮಗುವಿನ, ಪೋಷಕರ ಸಂದರ್ಶನವೂ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಸೆಕ್ಷನ್ನಿನಂತೆ ನಿಷಿದ್ಧ. ಅಲ್ಪಸಂಖ್ಯಾತ ಸಂಸ್ಥೆಗಳು ಸುಪ್ರೀಂ ಕೋರ್ಟಿನ 2014ರ ಇನ್ನೊಂದು ತೀರ್ಪಿನ ನಂತರ ಈ ಕಾಯ್ದೆಯ ಹೊರಗಿವೆ ಎಂಬುದು ಬೇರೆ ಮಾತು.

ಮುಂದಿನ ವರ್ಗಾವಣೆಯನ್ನು ನೆನೆದೇ ಒಂದೇ ಬೋರ್ಡಿಗೆ ಅಂಟಿಕೊಳ್ಳುವವರ ವಾದಕ್ಕೆ ತೂಕವಿದೆ. ದೇಶದುದ್ದಕ್ಕೂ ಅಲೆಯುವ ಕೇಂದ್ರ ನೌಕರರಿಗಾಗಿಯೇ 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಬಂದವು. ಅಲ್ಲಿ ಹೆಚ್ಚು ಸಲ ವರ್ಗವಾದವರ ಮಕ್ಕಳಿಗೆ ಆದ್ಯತೆಯೂ ಇದೆ. ಅಂಥ ಅವಕಾಶ ಇರುವವರು ಬಳಸಿಕೊಳ್ಳಲಿ. ರಾಜ್ಯದೊಳಗೇ ತಿರುಗುವವರ ಸ್ಥಿತಿ ಬೇರೆ. ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ರಾಜ್ಯದ್ದು ಮೇ ಕೊನೆಗೆ. ಮೇ ತಿಂಗಳಿನಲ್ಲಿ ಆದೇಶ ಬಂದು ಜೂನ್‌ನಲ್ಲಿ ಊರು ತಲುಪುವವರ ಮಗು ಅಲ್ಲಿ ಆಗಲೇ ಪಾಠಗಳನ್ನು ತಪ್ಪಿಸಿಕೊಂಡಿರುತ್ತದೆ, ಪಕ್ಕದ ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿ ಎಲ್ಲರ ಜೊತೆ ಹೆಚ್ಚುಕಡಿಮೆ ಮೊದಲ ದಿನಗಳಿಂದಲೇ ಕೂರಬಹುದು.

ಇದೆಲ್ಲ ಸಂಬಳದವರ ಚಿಂತೆ ಎನ್ನುವವರಿಗೆ ಉತ್ತರ ಕೊಡದೆ ಮುಗಿಸುವಂತಿಲ್ಲ. ರಾಯಚೂರು, ಯಾದಗಿರಿಯಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬರುವ ಕುಟುಂಬ ಶಾಲೆ ಆರಿಸುವುದಿಲ್ಲ. ಶೆಡ್ಡಿನ ಹತ್ತಿರ ಯಾವುದಿದೆಯೋ ಅದು ಸೇರಿಸಿಕೊಂಡರೆ ಸಾಕು ಎನ್ನುವ ಸ್ಥಿತಿ. ಅವರ ಪಾಲಿಗೆ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಇದೆ: ಊರು ಬದಲಿಸಿದ ಮಗುವಿಗೆ ಸರ್ಕಾರಿ, ಅನುದಾನಿತ ಶಾಲೆಗೆ ಸೇರುವ ಹಕ್ಕಿದೆ, ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. 14ನೆಯ ಸೆಕ್ಷನ್ ವಯಸ್ಸಿನ ದಾಖಲೆ ಇಲ್ಲವೆಂದು ವಾಪಸ್ ಕಳಿಸಬಾರದು ಎನ್ನುತ್ತದೆ. ಈ ಹಕ್ಕು ಶೆಡ್ಡಿನವರಿಗೂ ಅಧಿಕಾರಿಗೂ ಒಂದೇ, ಇಬ್ಬರಿಗೂ ಅದು ಗೊತ್ತಿರುವುದಿಲ್ಲ. ಅದಕ್ಕೆ ಇಲಾಖೆ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಪ್ರತಿ ಮೇ ಕೊನೆಗೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಮುಂದೆ ಮತ್ತು ಜಾಲತಾಣದಲ್ಲಿ, ಪಟ್ಟಣದ ಪ್ರತಿ ವಾರ್ಡಿನ ಎಲ್ಲ ಪ್ರಾಥಮಿಕ ಶಾಲೆಗಳ ಆ ವರ್ಷದ ಶಿಕ್ಷಕರ ಸಂಖ್ಯೆ, ಮಾಧ್ಯಮ, ಮಾನ್ಯತೆ, ಖಾಲಿ ಸೀಟು, ಶುಲ್ಕ ಇಷ್ಟನ್ನು ಒಂದು ಪಟ್ಟಿಯಲ್ಲಿ ಹಾಕಲಿ. ಮೂರನೆಯ ತರಗತಿಯ ಎಷ್ಟು ಮಕ್ಕಳು ಕಥೆ ಓದಬಲ್ಲರು ಎಂಬ ಕಾಲಮ್ಮನ್ನೂ ಸೇರಿಸಿದರೆ ಸಂಸ್ಥೆಗಳು ಕೂಗಾಡುತ್ತವೆ, ಅಂಕಿ ತಿದ್ದುವವರೂ ಹುಟ್ಟಿಕೊಳ್ಳುತ್ತಾರೆ. ಅದನ್ನು ಎಚ್ಚರದಿಂದ, ಹೊರಗಿನವರಿಂದ ಅಳೆಸಿ, ಒಂದೆರಡು ತಾಲ್ಲೂಕಿನಲ್ಲಿ ಮೊದಲು ನೋಡಬೇಕು. ಉಳಿದ ಐದು ಕಾಲಮ್ಮುಗಳಿಗೆ ಬೇಕಾದ ಮಾಹಿತಿಯನ್ನು ಶಾಲೆಗಳಿಂದ ತರಿಸಿಕೊಳ್ಳುವ ಅಧಿಕಾರ ಇಲಾಖೆಗೆ ಇದ್ದೇ ಇದೆ, ಬರುವ ಮೇ ತಿಂಗಳಿನಲ್ಲೇ ಶುರು ಮಾಡಬಹುದು.